ನೂಲು, ನಾಲ್ಕಾಣೆ, ಬಾಂಡ್

1924ರ ಬೆಳಗಾವಿ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಸದಸ್ಯತ್ವದ ವಂತಿಗೆಯೇ ಬದಲಾಯಿತು. ಅಲ್ಲಿಯವರೆಗೆ ವರ್ಷಕ್ಕೆ ನಾಲ್ಕಾಣೆ ಕೊಟ್ಟರೆ ಸಾಕಿತ್ತು. ಇನ್ನು ತಿಂಗಳಿಗೆ 2,000 ಗಜ ನೂಲು ಕೊಡಬೇಕು ಎಂದಾಯಿತು. ತಾನೇ ನೂಲದವನು ಬೇರೆಯವರಿಂದ ನೂಲಿಸಿ ಕೊಡಬಹುದಿತ್ತು. ಅಷ್ಟು ನೂಲುವ ಪುರುಸೊತ್ತು ಎಷ್ಟು ಜನಕ್ಕಿತ್ತೋ, ವರ್ಷ ತುಂಬುವಷ್ಟರಲ್ಲಿ ನಾಲ್ಕಾಣೆ ವಾಪಸು ಬಂತು. ಪಕ್ಷವನ್ನು ಸದಸ್ಯರೇ ಸಾಕಬೇಕೆಂಬ ಆಸೆ ಈ ವಂತಿಗೆಯ ಹಿಂದಿತ್ತು. ದೊಡ್ಡ ಖರ್ಚಿಗೆ ಬಿರ್ಲಾ, ಬಜಾಜ್ ಅವರ ತಿಜೋರಿ ಆಗಲೂ ಬೇಕಾಗಿತ್ತು ಅನ್ನಿ.

ಸ್ವಾತಂತ್ರ್ಯ ಬಂದ ಮೇಲೆ ತಿಜೋರಿಯದೇ ಮಾತು. 1957ರಲ್ಲಿ ಟಾಟಾ ಉಕ್ಕಿನ ಕಂಪನಿ ಪಕ್ಷಗಳಿಗೆ ದೇಣಿಗೆ ಕೊಡಲು ಅನುಕೂಲವಾಗುವಂತೆ ತನ್ನ ನಿಯಮ ತಿದ್ದಿಕೊಂಡಾಗ, ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅದನ್ನು ತಡೆಯಲಿಲ್ಲ. ಆದರೆ ಈ ಚಾಳಿ ಬೆಳೆದರೆ ಪ್ರಜಾಪ್ರಭುತ್ವಕ್ಕೇ ಉಸಿರುಕಟ್ಟೀತು ಎಂದು ಎಚ್ಚರಿಸಿದರು. 1960ರಲ್ಲಿ ಇಂಥ ದೇಣಿಗೆಗೆ ಕಾನೂನು ಒಂದು ಮಿತಿ ಹಾಕಿತು. 1969ರಲ್ಲಿ ಇಂದಿರಾ ಗಾಂಧಿ ಸರ್ಕಾರ ಪೂರ್ತಿ ನಿಷೇಧಿಸಿತು. ಸ್ವತಂತ್ರ ಪಕ್ಷದಂಥವಕ್ಕೆ ಉದ್ಯಮಿಗಳ ಹಣ ಹರಿಯುತ್ತಿದ್ದ ಕಾಲ ಅದು. ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಒಡೆದದ್ದೂ ಅದೇ ವರ್ಷ. ನಿಷೇಧದಿಂದ ನಿಂತದ್ದು ಚೆಕ್ಕು ಮಾತ್ರ. ಲೈಸೆನ್ಸು ಬೇಕಾದವರು ಬ್ರೀಫ್‌ಕೇಸ್ ಹಿಡಿದು ದೆಹಲಿಗೆ ಹೋದರು.

1974ರದ್ದು ಇನ್ನೂ ತಮಾಷೆ. ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೇ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಸಂಸತ್ತು ಕೂಡಲೇ ಕಾನೂನು ತಿದ್ದಿ ಆ ಖರ್ಚನ್ನು ಲೆಕ್ಕದಿಂದ ಹೊರಗಿಟ್ಟಿತು. ಇಂದು ಕರ್ನಾಟಕದಲ್ಲಿ ಲೋಕಸಭೆಗೆ ನಿಂತವನ ಖರ್ಚಿನ ಮಿತಿ 95 ಲಕ್ಷ ರೂಪಾಯಿ. ಅವನ ಪಕ್ಷಕ್ಕೆ ಮಿತಿಯೇ ಇಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ.

1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ಕಂಪನಿ ದೇಣಿಗೆಯ ನಿಷೇಧ ತೆಗೆಯಿತು. ರಾಜಕೀಯ ಪಕ್ಷ ಎಂಬ ಮಾತು ನಮ್ಮ ಸಂವಿಧಾನದೊಳಗೆ ಮೊದಲು ಬಂದದ್ದೂ ಅದೇ ವರ್ಷ, ಪಕ್ಷಾಂತರ ತಡೆಯುವ ನೆಪದಲ್ಲಿ. ಚುನಾವಣಾ ವೆಚ್ಚಕ್ಕೆ ಸರ್ಕಾರವೇ ನೆರವಾಗಲಿ ಎಂದು ಇಂದ್ರಜಿತ್ ಗುಪ್ತ ಸಮಿತಿ 1998ರಲ್ಲಿ ಹೇಳಿದ್ದು ಕಡತದಲ್ಲೇ ಉಳಿಯಿತು. 2003ರಲ್ಲಿ 20,000 ರೂಪಾಯಿ ದಾಟಿದ ದೇಣಿಗೆಗೆ ಹೆಸರು ಬರೆಯಬೇಕೆಂಬ ನಿಯಮ ಬಂತು. ಒಂದು ರಾಷ್ಟ್ರೀಯ ಪಕ್ಷವಂತೂ ತನಗೆ ಆ ಗೆರೆ ದಾಟಿದ ದೇಣಿಗೆ ಒಂದೂ ಬಂದಿಲ್ಲವೆಂದು ವರ್ಷಗಟ್ಟಲೆ ಬರೆದುಕೊಟ್ಟಿತು!

ಆಮೇಲೆ ಬಂದದ್ದು ಚುನಾವಣಾ ಬಾಂಡ್. 2017ರ ಹಣಕಾಸು ಕಾಯ್ದೆ ದಾರಿ ಮಾಡಿತು, 2018ರಲ್ಲಿ ಸ್ಟೇಟ್ ಬ್ಯಾಂಕ್ ಮಾರಾಟಕ್ಕಿಟ್ಟಿತು. ಸಾವಿರದಿಂದ ಕೋಟಿಯವರೆಗೆ ಬೆಲೆ, ಹದಿನೈದೇ ದಿನದ ಆಯುಸ್ಸು. ಕಾಗದದ ಮೇಲೆ ಕೊಟ್ಟವರ ಹೆಸರಿಲ್ಲ, ಪಡೆದವರದ್ದೂ ಇಲ್ಲ. ಅತಿನೇರಳೆ ಬೆಳಕಿಗೆ ಹಿಡಿದರೆ ಮಾತ್ರ ಮೂಲೆಯಲ್ಲಿ ಒಂದು ಸಂಖ್ಯೆ ಮಿನುಗುತ್ತಿತ್ತು. ಮತದಾರನಿಗೆ ಗುಟ್ಟು, ಸರ್ಕಾರಿ ಬ್ಯಾಂಕಿಗೆ ಗೊತ್ತು. ನಗದು ವ್ಯವಹಾರಕ್ಕಿಂತ ಇದು ವಾಸಿಯೆಂಬ ವಾದ ನನಗೆ ಎಂದೂ ಒಪ್ಪಿಗೆಯಾಗಲಿಲ್ಲ.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಬಾಂಡನ್ನು ರದ್ದು ಮಾಡಿತು. ಅರ್ಜಿದಾರರಲ್ಲಿ ಬಾಂಡ್ ಮುಟ್ಟದ ಸಿಪಿಎಂ ಕೂಡ ಇತ್ತು. ಕೇರಳದಲ್ಲಿ ಅದರ ಕಾರ್ಯಕರ್ತರು ಈಗಲೂ ಬಕೆಟ್ ಹಿಡಿದು ಬೀದಿಯಲ್ಲಿ ವಸೂಲಿಗೆ ಹೊರಡುತ್ತಾರೆ. ಮಾರ್ಚಿನಲ್ಲಿ ಎರಡು ಪಟ್ಟಿ ಹೊರಬಂದವು: ಕೊಂಡವರದ್ದೊಂದು, ನಗದಾಗಿಸಿಕೊಂಡ ಪಕ್ಷಗಳದ್ದೊಂದು. ಅರ್ಧದಷ್ಟು ಹಣ ಬಿಜೆಪಿಗೆ ಹೋಗಿತ್ತು. ಯಾರ ದುಡ್ಡು ಯಾರಿಗೆ ಎಂಬುದು ಮಾತ್ರ ತಿಳಿಯಲಿಲ್ಲ. ನ್ಯಾಯಾಲಯ ಮತ್ತೊಮ್ಮೆ ಗದರಿದ ಮೇಲೆ ಆ ಮಿನುಗುವ ಸಂಖ್ಯೆಗಳೂ ಬಂದು ಎರಡು ಪಟ್ಟಿ ಒಂದಾದವು.

ಈಗ ಚೆಕ್ಕುಗಳು 2013ರಲ್ಲೇ ನಿಯಮ ರೂಪುಗೊಂಡ ಚುನಾವಣಾ ಟ್ರಸ್ಟುಗಳ ಕಡೆಗೆ ತಿರುಗಿವೆ. ಟ್ರಸ್ಟಿನ ವರದಿಯಲ್ಲಿ ಕೊಟ್ಟವರ ಹೆಸರಿದೆ, ಪಡೆದ ಪಕ್ಷದ ಹೆಸರೂ ಇದೆ. ಹಲವರ ಹಣ ಒಂದೇ ಹುಂಡಿಗೆ ಬಿದ್ದ ಮೇಲೆ ಯಾರದ್ದು ಯಾರಿಗೆ ಹೋಯಿತೆಂದು ಹೇಳಲು ಅದರ ಮೇಲೆ ಸಂಖ್ಯೆಯಿಲ್ಲ.