ಮನಶ್ಶಾಸ್ತ್ರ ವಿಭಾಗವೂ ಊರ ಜನರೂ: ಕಲ್ಕತ್ತೆ ಮತ್ತು ಮೈಸೂರುಗಳ ಪೂರ್ವಚರಿತ್ರೆ

ನಮ್ಮ ದೇಶದ ವಿಶ್ವವಿದ್ಯಾನಿಲಯಗಳಲ್ಲಿ ಮನಶ್ಶಾಸ್ತ್ರವು ತತ್ತ್ವಶಾಸ್ತ್ರದ ಮನೆಯಲ್ಲಿ ಬೆಳೆದು, ತರುವಾಯ ಬೇರೆ ಒಲೆ ಹೂಡಿದ ಶಾಸ್ತ್ರವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅದರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಒಂದು ಕ್ರಮವನ್ನು ಹಿಡಿಯುತ್ತಾರೆ. ಮೊದಲು ಪ್ರಯೋಗಶಾಲೆ ಏರ್ಪಟ್ಟಿತು; ಅಲ್ಲಿಂದ ಸಂಶೋಧನ ಪ್ರಬಂಧಗಳು ಹೊರಟುವು; ಕಟ್ಟಕಡೆಗೆ ಆ ಜ್ಞಾನದ ಪ್ರಯೋಜನವು ಜನಸಾಮಾನ್ಯರಿಗೆ ಹರಿದು ಬಂದಿತು ಎಂದು. ಕೇಳುವುದಕ್ಕೆ ಇದು ಹಿತವಾಗಿಯೇ ಇದೆ. ಆದರೆ ಕಾಲಾನುಕ್ರಮವನ್ನು ಎಚ್ಚರದಿಂದ ನೋಡಿದಲ್ಲಿ, ಈ ಶಾಸ್ತ್ರಕ್ಕೆ ನಾಂದಿಯಾದ ಕಲ್ಕತ್ತೆಯಲ್ಲಿಯೇ ಆ ಕ್ರಮವು ನಿಲ್ಲುವುದಿಲ್ಲ. ಅಲ್ಲಿ ಊರ ಜನರು ಮೊದಲು ಬಂದರು, ಪ್ರಬಂಧವು ಆಮೇಲೆ ಬಂದಿತು. ಈ ಮಾತನ್ನು ತೋರಿಸುವುದೂ, ಅದರ ಬೆಳಕಿನಲ್ಲಿ ನಮ್ಮ ಮೈಸೂರಿನ ವಿಭಾಗವನ್ನು ನೋಡುವುದೂ ಪ್ರಕೃತ ಲೇಖನದ ಉದ್ದೇಶ.

ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಾಠಕ್ರಮವನ್ನು 1905ರ ಸುಮಾರಿಗೆ ರೂಪಿಸಿಕೊಟ್ಟವರು ಆಚಾರ್ಯ ಬ್ರಜೇಂದ್ರನಾಥ ಸೀಲರು. ಪ್ರತ್ಯೇಕ ವಿಭಾಗವು ಆರಂಭವಾದುದು ಅದಾದ ಹತ್ತು ವರ್ಷಗಳ ಮೇಲೆ, ಆಶುತೋಷ ಮುಖರ್ಜಿಯವರ ಪ್ರೋತ್ಸಾಹದಿಂದ. ಹಾರ್ವರ್ಡಿನಲ್ಲಿ ಮ್ಯೂನ್‌ಸ್ಟರ್‌ಬರ್ಗರ ಬಳಿ ಶಿಕ್ಷಣ ಪಡೆದಿದ್ದ ನರೇಂದ್ರನಾಥ ಸೇನಗುಪ್ತರು ಅದಕ್ಕೆ ಮುಖ್ಯರಾದರು. ಅಲ್ಲಿಗೆ ವಿದ್ಯಾರ್ಥಿಯಾಗಿ ಬಂದವರಲ್ಲಿ ಒಬ್ಬರು ಆ ವೇಳೆಗೆ ಕೆಲವು ವರ್ಷ ವೈದ್ಯವೃತ್ತಿ ನಡೆಸಿದವರಾಗಿದ್ದರು. ಅವರೇ ಗಿರೀಂದ್ರಶೇಖರ ಬೋಸರು.

ಬೋಸರು ವೈದ್ಯಪದವಿಯನ್ನು ಪಡೆದುದು 1910ರಲ್ಲಿ, ಮನಶ್ಶಾಸ್ತ್ರದಲ್ಲಿ ಎಂ.ಎಸ್‌ಸಿ. ಆದುದು 1917ರಲ್ಲಿ. ಈ ನಡುವಣ ವರ್ಷಗಳೇ ನಮಗೆ ಮುಖ್ಯವಾದುವು. ಮನೋವ್ಯಾಧಿಯಿಂದ ನರಳುತ್ತಿದ್ದವರು ಅವರ ಮನೆಯ ಬಾಗಿಲಿಗೆ ಬರುತ್ತಿದ್ದರು. ಮೊದಲು ವಶೀಕರಣನಿದ್ರೆಯ ಉಪಾಯವನ್ನೂ ತರುವಾಯ ಮಾತಿನ ಉಪಾಯವನ್ನೂ ಅವರು ಹಿಡಿದರು. ಹೀಗೆ ರೋಗಿಗಳ ಬಾಯಿಂದಲೇ ಕೇಳಿ ಕೂಡಿಸಿಕೊಂಡ ಸಾಮಗ್ರಿಯ ಮೇಲೆ ನಿಂತುದು ಅವರ ಡಿ.ಎಸ್‌ಸಿ. ಪ್ರಬಂಧವಾದ 'ನಿಗ್ರಹದ ಕಲ್ಪನೆ'. ಅದು 1921ರಲ್ಲಿ ಅಂಗೀಕೃತವಾಯಿತು. ಭಾರತದ ವಿಶ್ವವಿದ್ಯಾನಿಲಯವೊಂದು ಈ ಶಾಸ್ತ್ರದಲ್ಲಿ ಕೊಟ್ಟ ಮೊದಲನೆಯ ಡಾಕ್ಟರ್ ಪದವಿ ಅದೇ ಎಂದು ಗಣನೆಗೆ ಬಂದಿದೆ. ಗ್ರಂಥವು ವಿಯನ್ನಾ ನಗರಕ್ಕೂ ಹೋಯಿತು. ಫ್ರಾಯ್ಡರೊಡನೆ ಅಲ್ಲಿಂದ ಮೊದಲಾದ ಪತ್ರವ್ಯವಹಾರವು 1937ರವರೆಗೂ ನಡೆಯಿತು.

ಪ್ರಬಂಧದ ಸಾರವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕಾಗಿದೆ. ಪ್ರತಿಯೊಂದು ಇಚ್ಛೆಯ ಹಿಂದೆಯೂ ಅದಕ್ಕೆ ವಿರುದ್ಧವಾದ ಇನ್ನೊಂದು ಇಚ್ಛೆ ಅಡಗಿರುತ್ತದೆ ಎಂಬುದು ಬೋಸರ ಮತ. ಹೊಡೆಯಬೇಕೆನ್ನುವವನ ಮನಸ್ಸಿನ ತಳದಲ್ಲಿ ಹೊಡೆಸಿಕೊಳ್ಳಬೇಕೆಂಬ ಆಸೆ ಇದೆ. ರೋಗಿಯು ತನ್ನನ್ನು ಎದುರಾಳಿಯ ಸ್ಥಾನದಲ್ಲಿ ಇರಿಸಿಕೊಂಡು ಭಾವಿಸುವಂತೆ ಮಾಡಿದರೆ, ಏತದ ಮರದಂತೆ ಒಂದು ತುದಿ ಇಳಿದು ಮತ್ತೊಂದು ಮೇಲಕ್ಕೆ ಬರುವುದೆಂದು ಅವರು ಎಣಿಸಿದರು. ಈ ಮತವನ್ನು ಫ್ರಾಯ್ಡರು ಪೂರ್ತಿಯಾಗಿ ಒಪ್ಪಲಿಲ್ಲ. ನಾವು ಗಮನಿಸತಕ್ಕುದು ಬೇರೊಂದು. ರೋಗಿಯು ತಡೆಯಿಲ್ಲದೆ ಮನಸ್ಸಿಗೆ ಬಂದುದನ್ನು ಆಡಬೇಕಾದರೆ ಹುಟ್ಟುಭಾಷೆಯಲ್ಲಿಯೇ ಆಡಬೇಕು. ಬಂಗಾಳಿಯಲ್ಲಿ ಕೇಳಿದುದನ್ನು ಇಂಗ್ಲಿಷಿನಲ್ಲಿ ಬರೆದ ಹೊರತು ಪದವಿ ಇಲ್ಲ. ಮನಶ್ಶಾಸ್ತ್ರದ ಮಟ್ಟಿಗೆ ಇದು ಸಣ್ಣ ತೊಡಕಲ್ಲ. ಭೌತಶಾಸ್ತ್ರಜ್ಞನ ತಕ್ಕಡಿಗೆ ಭಾಷೆಯಿಲ್ಲ, ಮನಶ್ಶಾಸ್ತ್ರಜ್ಞನಿಗಾದರೋ ಭಾಷೆಯೇ ತಕ್ಕಡಿ. ಬೋಸರು ಈ ತೊಡಕನ್ನು ಅರಿಯದವರಲ್ಲ. 1928ರಲ್ಲಿ 'ಸ್ವಪ್ನ' ಎಂಬ ಗ್ರಂಥವನ್ನು ಅವರು ಬಂಗಾಳಿಯಲ್ಲಿಯೇ ಪ್ರಕಟಿಸಿದರು. ಅವರ ಅಣ್ಣ ರಾಜಶೇಖರ ಬೋಸರು 'ಪರಶುರಾಮ'ನೆಂಬ ಹೆಸರಿನಿಂದ ಹಾಸ್ಯಕಥೆಗಳನ್ನು ಬರೆದವರು, 'ಚಲಂತಿಕಾ' ನಿಘಂಟುವಿನ ಕರ್ತೃಗಳು. ಒಂದೇ ಮನೆಯಲ್ಲಿ ನಿಘಂಟುಕಾರನೂ ಮನೋವೈದ್ಯನೂ ಇದ್ದುದು ಆ ಭಾಷೆಯ ಭಾಗ್ಯವೆನ್ನಬೇಕು.

ಭಾರತೀಯ ಮನೋವಿಶ್ಲೇಷಣ ಸಂಘವು 1922ರಲ್ಲಿ ಪಾರ್ಸಿಬಗಾನ್ ಓಣಿಯಲ್ಲಿದ್ದ ಬೋಸರ ಮನೆಯಲ್ಲಿಯೇ ಸ್ಥಾಪಿತವಾಯಿತು. ಅದರ ಮೂಲ ಸದಸ್ಯರಲ್ಲಿ ಹೆಚ್ಚಿನವರು ವೈದ್ಯರಲ್ಲ; ಕಾಲೇಜುಗಳಲ್ಲಿ ಮನಶ್ಶಾಸ್ತ್ರವನ್ನೋ ತತ್ತ್ವಶಾಸ್ತ್ರವನ್ನೋ ಬೋಧಿಸುತ್ತಿದ್ದ ಉಪಾಧ್ಯಾಯರು. ಅಂದರೆ ಪಾಠದ ಕೊಠಡಿಗೂ ರೋಗಿಯ ಮಂಚಕ್ಕೂ ನಡುವೆ ಗೋಡೆ ಇರಲಿಲ್ಲ. ಸೇನಗುಪ್ತರು ಲಖ್ನೋವಿಗೆ ತೆರಳಿದ ತರುವಾಯ ವಿಭಾಗದ ಹೊಣೆಯೂ ಬೋಸರಿಗೆ ಬಂದಿತು. 1933ರಲ್ಲಿ ಕಾರ್ಮೈಕೇಲ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆಂದು ಹೊರರೋಗಿಗಳ ಚಿಕಿತ್ಸಾಲಯವನ್ನು ಅವರು ತೆರೆದರು. ಸಾಮಾನ್ಯ ಆಸ್ಪತ್ರೆಯೊಂದರಲ್ಲಿ, ಜ್ವರದವರೂ ಗಾಯದವರೂ ಬರುವ ಬಾಗಿಲಿನಿಂದಲೇ ಮನಸ್ಸು ಕೆಟ್ಟವರೂ ಬರಬಹುದೆಂಬುದು ಆಗ ಹೊಸ ಮಾತು. 'ಹುಚ್ಚಾಸ್ಪತ್ರೆ'ಯ ಹೆಸರು ಕೇಳಿಯೇ ರೋಗವನ್ನು ಮುಚ್ಚಿಡುತ್ತಿದ್ದ ಮನೆಗಳಿಗೆ ಅದರಿಂದಾದ ಉಪಕಾರ ದೊಡ್ಡದು. 1938ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ಅನ್ವಯಿಕ ಮನಶ್ಶಾಸ್ತ್ರದ ಶಾಖೆ ಏರ್ಪಟ್ಟಿತು. 1940ರಲ್ಲಿ, ರಾಜಶೇಖರರು ಕೊಟ್ಟ ಸ್ಥಳದಲ್ಲಿ, ಲುಂಬಿನಿ ಪಾರ್ಕ್ ಆಸ್ಪತ್ರೆ ಆರಂಭವಾಯಿತು. ಮೊದಲು ಇದ್ದುವು ಮೂರೇ ಹಾಸಿಗೆಗಳು.

ಈಗ ಮೈಸೂರಿಗೆ ಬರೋಣ. ಕಲ್ಕತ್ತೆಯ ಪಾಠಕ್ರಮವನ್ನು ರೂಪಿಸಿದ ಸೀಲರೇ 1921ರಲ್ಲಿ ನಮ್ಮ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಬಂದರು. ಅವರ ಆಡಳಿತದಲ್ಲಿಯೇ, 1924ರಲ್ಲಿ, ಮೈಸೂರಿನ ಮನಶ್ಶಾಸ್ತ್ರ ವಿಭಾಗವು ಸ್ಥಾಪಿತವಾಯಿತು. ಕಲ್ಕತ್ತೆಯದರ ತರುವಾಯ ದೇಶದಲ್ಲಿ ಎರಡನೆಯದಾಗಿ ಇದನ್ನು ಎಣಿಸುವ ವಾಡಿಕೆ. ಮುಖ್ಯಸ್ಥರಾದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರು. ಬುದ್ಧಿಶಕ್ತಿಯನ್ನು ಪರೀಕ್ಷೆಗಳಿಂದ ಅಳೆದು, ಅಂಕಗಳ ಸಂಬಂಧವನ್ನು ಗಣಿತದಿಂದ ಶೋಧಿಸುವ ಸಂಪ್ರದಾಯ ಅದು. ಕಲ್ಕತ್ತೆಯದು ಒಬ್ಬ ರೋಗಿಯನ್ನು ನೂರು ಗಂಟೆ ಕೇಳುವ ಮಾರ್ಗವಾದರೆ, ಇದು ನೂರು ಮಕ್ಕಳನ್ನು ಒಂದೊಂದು ಗಂಟೆ ಕೇಳುವ ಮಾರ್ಗ.

ಗೋಪಾಲಸ್ವಾಮಿಯವರ ಹೆಸರು ಇಂದು ಕನ್ನಡಿಗರಿಗೆ ನೆನಪಿರುವುದು ಮಾತ್ರ ಮನಶ್ಶಾಸ್ತ್ರದಿಂದಲ್ಲ. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ವಿಠ್ಠಲ ವಿಹಾರದಲ್ಲಿ 30 ವಾಟ್ ಶಕ್ತಿಯ ಪ್ರೇಷಕಯಂತ್ರವೊಂದನ್ನು ಇಟ್ಟುಕೊಂಡು ಅವರು ಬಾನುಲಿ ಪ್ರಸಾರವನ್ನು ಆರಂಭಿಸಿದರು. ಈ ನಿಲಯಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದಿತು. ಅದನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರತೀತಿ. ಮುಂದೆ 1950ರ ದಶಕದಲ್ಲಿ ದೇಶದ ಬಾನುಲಿ ಸಂಸ್ಥೆಯೆಲ್ಲವೂ ಆ ಹೆಸರನ್ನೇ ತಾಳಿತು.

ಇದನ್ನು ಪ್ರಾಧ್ಯಾಪಕರೊಬ್ಬರ ಹವ್ಯಾಸವೆಂದು ಬದಿಗಿಡುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಜನರ ಮನಸ್ಸೆಂಬುದನ್ನೇ ವ್ಯಾಸಂಗದ ವಿಷಯವಾಗಿ ಹೊಂದಿದವನು ಮನೆಮನೆಯ ಕಿವಿಗೆ ಮುಟ್ಟುವ ಸಾಧನವನ್ನು ಕೈಗೆತ್ತಿಕೊಂಡುದು ಆಕಸ್ಮಿಕವಾಗಿರಲಾರದು. ಆದರೂ ಒಂದು ಭೇದವನ್ನು ಹೇಳದೆ ಇರುವುದು ನ್ಯಾಯವಲ್ಲ. ಚಿಕಿತ್ಸಾಲಯಕ್ಕೆ ಬಂದವನು ಉಪಕಾರವನ್ನು ಪಡೆಯುವುದರ ಜೊತೆಗೆ ತನ್ನ ಮಾತನ್ನು ಬಿಟ್ಟುಹೋಗುತ್ತಾನೆ. ಆ ಮಾತು ಮತ್ತೆ ಸಂಶೋಧಕನ ಕೈಸೇರುತ್ತದೆ. ಬಾನುಲಿಯಲ್ಲಿ ಧ್ವನಿಯು ಹೊರಗೆ ಹೋಗುತ್ತದೆಯೇ ಹೊರತು ಕೇಳಿದವನ ಮರುಮಾತು ಒಳಗೆ ಬರುವುದಿಲ್ಲ. ಬಾನುಲಿಯಿಂದ ಕನ್ನಡ ಸಾಹಿತ್ಯಕ್ಕೂ ಸಂಗೀತಕ್ಕೂ ಆದ ಲಾಭ ಅಪಾರ. ಮನಶ್ಶಾಸ್ತ್ರದ ಸಂಶೋಧನೆಗೆ ಅಂತಹ ಲಾಭವಾಗಲು ಅದರ ರಚನೆಯಲ್ಲಿಯೇ ಎಡೆಯಿರಲಿಲ್ಲ.

ಕನ್ನಡದ ಮಾತು ಸಂಶೋಧನೆಯ ಒಳಕ್ಕೆ ಬಂದುದನ್ನು ನೋಡಬೇಕಾದರೆ ನಾವು ವಿಶ್ವವಿದ್ಯಾನಿಲಯದ ವಿಭಾಗವನ್ನು ಬಿಟ್ಟು ಧಾರವಾಡಕ್ಕೆ ಹೋಗಬೇಕಾಗುತ್ತದೆ. ಉಪಾಧ್ಯಾಯರ ಶಿಕ್ಷಣದಲ್ಲಿ ತೊಡಗಿದ್ದ ವಿ. ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಗಳನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿ, ಫಲಿತಾಂಶಗಳನ್ನು 1940ರಲ್ಲಿ ಇಂಗ್ಲಿಷ್ ಗ್ರಂಥವಾಗಿ ಪ್ರಕಟಿಸಿದರು. ಇದನ್ನು ಬರಿಯ ಭಾಷಾಂತರವೆಂದು ಎಣಿಸುವುದು ತಪ್ಪು. ಒಂದು ಪದದ ಅರ್ಥವನ್ನು ಎಂಟು ವರ್ಷದ ಮಗು ಹೇಳಬೇಕೆಂದು ಪರೀಕ್ಷೆಯಲ್ಲಿದ್ದರೆ, ಅದಕ್ಕೆ ಸರಿಯಾದ ಕನ್ನಡ ಪದವು ಆರು ವರ್ಷದವನಿಗೂ ತಿಳಿದಿರಬಹುದು, ಇಲ್ಲವೆ ಹತ್ತು ವರ್ಷದವನಿಗೂ ತಿಳಿಯದಿರಬಹುದು. ಪದವು ತತ್ಸಮವಾದರೆ ಓದುಬಲ್ಲ ಮನೆಯ ಮಗುವಿಗೆ ಸುಲಭ, ಒಕ್ಕಲ ಮಗುವಿಗೆ ಕಠಿನ. ದೇಶ್ಯವಾದರೆ ಧಾರವಾಡದ ಮಾತು ಮೈಸೂರಿಗೆ ಒಗ್ಗುವುದಿಲ್ಲ. ಅಳೆದುದು ಬುದ್ಧಿಯನ್ನೋ ಮನೆಮಾತನ್ನೋ ಎಂಬ ಸಂದೇಹಕ್ಕೆ ಇಲ್ಲಿ ಎಡೆಯುಂಟು. ಯಾವ ಪದವನ್ನು ಯಾವ ವಯಸ್ಸಿಗೆ ಇಡಬೇಕೆಂಬುದನ್ನು ಶಾಲೆಯ ಹಲಗೆಯ ಮುಂದೆ ಕುಳಿತು ಮಕ್ಕಳಿಂದಲೇ ತಿಳಿಯಬೇಕು. ಭಾಷಾಪಂಡಿತರ ಸಹಾಯವಿಲ್ಲದೆ ಈ ಕೆಲಸ ಸಾಗದು. ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಸಾಹಿತ್ಯದ ಉಪಾಧ್ಯಾಯರಾದುದರಿಂದ ಇಷ್ಟನ್ನು ಬಿಡಿಸಿ ಹೇಳಿದೆವು.

ಮೈಸೂರಿನ ವಿದ್ಯಾರ್ಥಿಗಳಿಗೆ ರೋಗಿಯ ಮಂಚದ ಬಳಿಯಲ್ಲಿಯೇ ಉನ್ನತ ಶಿಕ್ಷಣ ದೊರೆಯುವ ದಾರಿ ತೆರೆದುದು 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾದ ಮೇಲೆ. ಮರುವರ್ಷವೇ ಮೈಸೂರಿನ ಬಾನುಲಿ ನಿಲಯವೂ ಬೆಂಗಳೂರಿಗೆ ಸ್ಥಳಾಂತರವಾಯಿತು.