ಲಸಿಕೆಯೂ ರಸಿಕೆಯೂ

ಮೊನ್ನೆ ಒಂದು ಆರೋಗ್ಯ ಕೇಂದ್ರದ ಜಗಲಿಯಲ್ಲಿ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಅಜ್ಜಿಯೊಬ್ಬರು ನರ್ಸಮ್ಮನಿಗೆ ಹೇಳುತ್ತಿದ್ದರು: ‘ಲಸಿಕೆ ಹಾಕಿದ್ ಕಡೆ ರಸಿಕೆ ಆಗೈತೆ ಕಣವ್ವಾ.’ ನರ್ಸಮ್ಮ ಮಗುವಿನ ಎಡತೋಳು ನೋಡಿ, ಬಿಸಿಜಿ ಹಾಕಿದರೆ ಹೀಗಾಗುವುದು ಸಹಜ, ತಾನೇ ಒಣಗಿ ಕಲೆ ಉಳಿಯುತ್ತದೆ, ಏನೂ ಹಚ್ಚಬೇಡಿ ಎಂದು ಸಮಾಧಾನವಾಗಿ ತಿಳಿಹೇಳಿದರು. ಚೀಟಿ ಬರೆಯುತ್ತಿದ್ದ ಹುಡುಗ ಮಾತ್ರ ತಲೆಯೆತ್ತದೆ, ‘ರಸಿಕೆ ಅಲ್ಲಜ್ಜಿ, ಡಿಸ್ಚಾರ್ಜ್ ಅನ್ನಿ’ ಎಂದು ತಿದ್ದಿದ.

ಅಜ್ಜಿಯ ಮಾತಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅಲ್ಲಿ ಒಂದೇ ಪದ ಎರಡು ವೇಷದಲ್ಲಿ ಬಂದಿತ್ತು ಎಂಬುದು ನನ್ನ ವಾದ. ರಕಾರಕ್ಕೂ ಲಕಾರಕ್ಕೂ ಭೇದವಿಲ್ಲ ಎಂದು ಸಂಸ್ಕೃತದ ಪಂಡಿತರು ಬಹಳ ಹಿಂದೆಯೇ ಒಪ್ಪಿದ್ದಾರೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ದೇಹದೊಳಗಿನ ನೀರಿನ ಲೆಕ್ಕವಿದೆ: ಹತ್ತು ಬೊಗಸೆ. ಅದೇ ನೀರು ರೋಮಕೂಪಗಳಿಂದ ಹೊರಬಿದ್ದರೆ ಬೆವರು, ಚರ್ಮದಡಿಯಲ್ಲಿದ್ದು ಗಾಯದಲ್ಲಿ ಕಾಣಿಸಿಕೊಂಡರೆ ಲಸೀಕಾ. ನಮ್ಮ ಮನೆಯ ಹಿರಿಯರೂ ಗಾಯದಿಂದ ತಿಳಿಯಾಗಿ ಒಸರುವುದನ್ನು ರಸಿಕೆ ಎನ್ನುತ್ತಿದ್ದರು, ಗಟ್ಟಿಯಾಗಿ ಹಳದಿ ತಿರುಗಿದರೆ ಕೀವು. ಚರಕನ ಲಸೀಕಾ ನಮ್ಮ ರಸಿಕೆಯೇ ಎಂದು ನಂಬಲು ನನಗೆ ಇಷ್ಟು ಸಾಕು.

ಹಾಗಾದರೆ ಚುಚ್ಚುವ ಮದ್ದಿಗೆ ಆ ಹೆಸರು ಹೋದದ್ದು ಹೇಗೆ? 1796ರಲ್ಲಿ ಜೆನ್ನರ್ ಸಿಡುಬಿಗೆ ಬಳಸಿದ್ದು ಗೋಸಿಡುಬಿನ ಗುಳ್ಳೆಯೊಳಗಿನ ದ್ರವವನ್ನು. ಇಂಗ್ಲಿಷಿನವರು ಅದನ್ನೂ, ಮೈಯೊಳಗೆ ಹರಿಯುವ ತಿಳಿದ್ರವದ ಹೆಸರಿನಿಂದ, ‘ಲಿಂಫ್’ ಎಂದೇ ಕರೆದರು. ಮೊದಮೊದಲು ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ಅದನ್ನು ದಾಟಿಸುತ್ತಿದ್ದರು. ಆಮೇಲೆ ಕರುಗಳ ಹೊಟ್ಟೆಯ ಚರ್ಮದಲ್ಲಿ ಬೆಳೆಸಿದರು. ಮರಾಠಿಯಲ್ಲಿ ಅದು ‘ಲಸ’ವಾಯಿತು, ನಮ್ಮಲ್ಲಿ ಲಸಿಕೆ. ತಿರುವಾಂಕೂರಿನಲ್ಲಿ ಜಾತಿಯ ಕಾರಣಕ್ಕೆ ಕೆಲಸ ಸಿಗದೆ ಮೈಸೂರು ಸಂಸ್ಥಾನಕ್ಕೆ ಬಂದ ಡಾ. ಪಲ್ಪು ಬೆಂಗಳೂರಿನಲ್ಲಿ ಈ ಲಸಿಕೆಯ ಕೆಲಸದಲ್ಲಿದ್ದವರು. 1898ರಲ್ಲಿ ಪ್ಲೇಗು ಬಂದಾಗ ಓಡಿಹೋಗದೆ ರೋಗಿಗಳ ನಡುವೆ ದುಡಿದರು. ಊರಿಗೆ ಊರೇ ನಡುಗಿದ ಆ ಪ್ಲೇಗಿನ ಗಡ್ಡೆ, ತೊಡೆಸಂದಿಯಲ್ಲೋ ಕಂಕುಳಲ್ಲೋ ಊದಿಕೊಂಡ ಲಿಂಫಿನ ಗ್ರಂಥಿಯೇ. ಬೆಳಿಗ್ಗೆ ಲಸಿಕೆಯ ಹೆಸರಿನಲ್ಲಿ ಕೈಯಾಡಿಸಿದ ಲಿಂಫನ್ನೇ ಸಂಜೆ ರೋಗವಾಗಿ ಪಲ್ಪು ಮುಟ್ಟಿ ನೋಡಿರಬೇಕು.

ಲಸಿಕೆ ಎಂಬ ಪದ ಹೀಗೆ ಸೂಜಿಗೆ ಸಂದ ಮೇಲೆ ಮೈಯೊಳಗಿನ ಲಿಂಫಿಗೆ ಕನ್ನಡದಲ್ಲಿ ಹೆಸರಿಲ್ಲವಾಯಿತು. ಪಠ್ಯಪುಸ್ತಕದವರು ‘ದುಗ್ಧರಸ’ ಎಂದು ಹೊಸೆದರು. ದುಗ್ಧವೆಂದರೆ ಹಾಲು. ಬೆಳ್ಳಗಿರೋದೆಲ್ಲ ಹಾಲಲ್ಲ ಎನ್ನುತ್ತದೆ ಗಾದೆ. ಇಲ್ಲಿ ಅದು ಬೆಳ್ಳಗೂ ಇಲ್ಲ! ಕೈಕಾಲುಗಳಿಂದ ಬರುವ ಲಿಂಫ್ ಬಣ್ಣವಿಲ್ಲದ, ತುಸು ಹಳದಿ ಛಾಯೆಯ ನೀರು. ಮತ್ತೆ ಹಾಲು ಎಲ್ಲಿಂದ ಬಂತು?

ಆ ಗಾದೆಯ ಸತ್ಯಾಸತ್ಯ 1622ರ ಜುಲೈ 23ರಂದು ಇಟಲಿಯಲ್ಲಿ ಒಂದು ನಾಯಿಯ ಹೊಟ್ಟೆಯೊಳಗೆ ಪರೀಕ್ಷೆಗೆ ಬಂದಿತ್ತು. ಗಾಸ್ಪರೆ ಅಸೆಲ್ಲಿ ಎಂಬ ವೈದ್ಯ ಆಗಷ್ಟೇ ಉಂಡ ನಾಯಿಯನ್ನು ಕೊಯ್ದು ನರಗಳನ್ನು ತೋರಿಸುತ್ತಿದ್ದ. ಕರುಳಿನ ಪೊರೆಯ ಮೇಲೆಲ್ಲ ಬಿಳಿಯ ಎಳೆಗಳು ಹರಡಿದ್ದವು. ಅವೂ ನರಗಳೇ ಇರಬೇಕೆಂದುಕೊಂಡು ಒಂದನ್ನು ಕತ್ತರಿಸಿದರೆ ಹಾಲಿನಂಥದ್ದು ಜಿನುಗಿತು. ಮರುದಿನ ಉಪವಾಸವಿದ್ದ ಇನ್ನೊಂದು ನಾಯಿಯಲ್ಲಿ ಹುಡುಕಿದರೆ ಬಿಳಿಯ ಎಳೆಗಳೇ ಇಲ್ಲ. ಉಂಡದ್ದರ ಜಿಡ್ಡು ಕರುಳಿನಿಂದ ಆ ನಾಳಗಳನ್ನು ಸೇರಿದಾಗ ಮಾತ್ರ ಅದು ಹಾಲಿನ ಹಾಗೆ ಕಾಣುತ್ತದೆ. ಅಸೆಲ್ಲಿ ಅವುಗಳನ್ನು ಹಾಲಿನ ನಾಳಗಳೆಂದು ಕರೆದ. ಅವನು ಸತ್ತ ಮೇಲೆ, 1627ರಲ್ಲಿ, ಪುಸ್ತಕ ಬಣ್ಣದ ಚಿತ್ರಗಳೊಂದಿಗೆ ಅಚ್ಚಾಯಿತು. 1653ರಲ್ಲಿ ಡೆನ್ಮಾರ್ಕಿನ ಬಾರ್ತೊಲಿನ್ ಮೈಯೆಲ್ಲ ಹಬ್ಬಿದ ಇಂಥ ನಾಳಗಳಲ್ಲಿ ತಿಳಿನೀರನ್ನು ಕಂಡು, ಲ್ಯಾಟಿನ್ನಿನಲ್ಲಿ ತಿಳಿನೀರಿಗಿದ್ದ ‘ಲಿಂಫಾ’ ಎಂಬ ಹೆಸರನ್ನೇ ಕೊಟ್ಟ. ನಮ್ಮ ಪದ ಕಟ್ಟಿದವರ ಮನಸ್ಸು ಬಾರ್ತೊಲಿನ್‌ನ ತನಕ ಬರಲಿಲ್ಲ, ಅಸೆಲ್ಲಿಯ ಉಂಡ ನಾಯಿಯ ಬಳಿಯೇ ನಿಂತುಬಿಟ್ಟಿತು ಎಂದು ನನ್ನ ಊಹೆ. ಊಟವಾದ ಮೇಲೆ ಕರುಳಿನಲ್ಲಿ ಮಾತ್ರ ಒಪ್ಪುವ ಹೆಸರನ್ನು ಅಡಿಯಿಂದ ಮುಡಿಯವರೆಗೆ ಹೊದಿಸಿದ್ದು ನನಗೆ ಇಂದಿಗೂ ಸಮಾಧಾನ ತಂದಿಲ್ಲ.

ಲಿಂಫಿನ ಕೆಲಸಕ್ಕೆ ರಸಿಕೆ ಎಂಬ ಒಸರುವ ಹೆಸರೇ ತಕ್ಕುದು. ನಮ್ಮ ಸಣ್ಣ ರಕ್ತನಾಳಗಳಿಂದ ದಿನಕ್ಕೆ ಸುಮಾರು 20 ಲೀಟರ್ ದ್ರವ ಹೊರಗೆ ಒಸರುತ್ತದೆ. ಬಹುಪಾಲು ಹಾಗೇ ರಕ್ತಕ್ಕೆ ಮರಳುತ್ತದೆ. ಉಳಿದ ಸುಮಾರು 3 ಲೀಟರನ್ನು ಹೆಕ್ಕಿ ತರುವುದು ಈ ನಾಳಗಳು. ಇವಕ್ಕೆ ಹೃದಯದಂಥ ಪಂಪಿಲ್ಲ. ನಾಳದ ಗೋಡೆ ತಾನೇ ಹಿಂಡುತ್ತದೆ, ನಾವು ನಡೆದಾಡುವಾಗ ಸ್ನಾಯು ಒತ್ತುತ್ತದೆ, ಒಳಗಿನ ಕವಾಟಗಳು ಹಿಂದೆ ಹರಿಯಗೊಡುವುದಿಲ್ಲ. ಬಲಗೈ, ಬಲ ಎದೆ ಮತ್ತು ತಲೆಯ ಬಲಭಾಗ ಬಿಟ್ಟರೆ ಇಡೀ ಮೈಯ ಲಿಂಫ್ ಎಡಗಡೆ ಕತ್ತಿನ ಬುಡದಲ್ಲಿ ರಕ್ತ ಸೇರುತ್ತದೆ. ದಾರಿಯುದ್ದಕ್ಕೂ ಕಾವಲಿರುವ ಗ್ರಂಥಿಗಳು ಆರುನೂರರ ಆಸುಪಾಸು. ಫೈಲೇರಿಯ ಹುಳು ನಾಳಗಳಲ್ಲಿ ಸೇರಿಕೊಂಡು ಹರಿವು ಕೆಟ್ಟರೆ ಏನಾಗುತ್ತದೆಂದು ಕರಾವಳಿಯವರಿಗೂ ಕಲಬುರಗಿ, ಬೀದರಿನವರಿಗೂ ವಿವರಿಸಬೇಕಿಲ್ಲ. ಆನೆಕಾಲು ಎಂಬ ಹೆಸರೇ ಅದನ್ನು ಕಣ್ಣಿಗೆ ಕಟ್ಟುತ್ತದೆ.

ಕ್ಷಯ ಕತ್ತಿನ ಗ್ರಂಥಿಗಳಿಗೆ ಹತ್ತಿ ಅವು ಸಾಲಾಗಿ ಊದಿದಾಗ ಹಿಂದಿನವರು ಗಂಡಮಾಲೆ ಎಂದರು. ನೋಡಿದ್ದನ್ನು ನೋಡಿದ ಹಾಗೆ ಹೇಳುವ ಆ ಗಟ್ಟಿತನ ಈಗಿನ ಆಸ್ಪತ್ರೆಯ ಮಾತಿನಲ್ಲಿ ಇಲ್ಲ. ‘ಲಿಂಫ್ ನೋಡ್ ಎನ್‌ಲಾರ್ಜ್ ಆಗಿದೆ’ ಎಂದು ಕೇಳಿಸಿಕೊಂಡು ಮನೆಗೆ ಬಂದವರು ಹೆಂಡತಿಗೆ ಏನೆಂದು ಹೇಳಬೇಕು? ‘ಕತ್ತಿನ ರಸಿಕೆಗಂಟು ಊದಿದೆ, ಎರಡು ವಾರದಲ್ಲಿ ಇಳಿಯದಿದ್ದರೆ ಮತ್ತೆ ಬಂದು ತೋರಿಸಿ’ ಎಂದಿದ್ದರೆ ಅವರು ಹಾಗೇ ಮನೆಯಲ್ಲಿ ಹೇಳುತ್ತಿದ್ದರು, ಇಳಿಯದಿದ್ದರೆ ಬಂದು ತೋರಿಸುತ್ತಲೂ ಇದ್ದರು.