ನಿಮ್ಮ ಸ್ಕೋರು ನೀವೇ ಬರ್ಕೊಳ್ಳಿ: ಕೆಜಿಎಫ್‌ನ ಗಾಲ್ಫ್ ಮೈದಾನ ಮತ್ತು ನಂಬಿಕೆಯ ಲೆಕ್ಕ

ಈ ಸಂಚಿಕೆ ಶುರುವಾಗೋದು ಬಂಗಾರಪೇಟೆಯಲ್ಲಿ, ಒಂದು ಪಾನಿಪುರಿ ಗಾಡಿ ಮುಂದೆ.

ಬಂಗಾರಪೇಟೆ ಪಾನಿಪುರಿ ತಿಂದವರಿಗೆ ಗೊತ್ತು, ಅಲ್ಲಿ ಪಾನಿ ಹಸಿರಾಗಿರಲ್ಲ, ಕುಡಿಯೋ ನೀರಿನ ಥರ ತಿಳಿಯಾಗಿರುತ್ತೆ. ನಾಲಿಗೆಗೆ ಬಿದ್ದ ಮೇಲೇ ಖಾರ ಗೊತ್ತಾಗೋದು. ಸಂಜೆ ಹೊತ್ತು, ಸುತ್ತ ಜನ. ನಾನು ತಿಂದು ಮುಗಿಸಿ ದುಡ್ಡು ತೆಗೆದೆ. ಗಾಡಿಯವರು ತಲೆ ಎತ್ತದೆ ಕೇಳಿದ್ರು, "ಎಷ್ಟು ಪ್ಲೇಟ್ ಆಯ್ತು?" ನಾನು "ಮೂರಣ್ಣ" ಅಂದೆ. ಅಷ್ಟೇ. ಬಿಲ್ಲಿಲ್ಲ, ಟೋಕನ್ ಇಲ್ಲ. ನಾನು ಹೇಳಿದ್ದೇ ಲೆಕ್ಕ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಅವತ್ತು ನಾನು ಬಂಗಾರಪೇಟೆಗೆ ಇಳಿದಿದ್ದು ಮಾರಿಕುಪ್ಪಂ ಟ್ರೈನ್ ಹಿಡಿಯೋಕೆ. ಹೋಗ್ತಿದ್ದದ್ದು ಇದೇ ಥರದ ಒಂದು ನಿಯಮದ ಹಿಂದೆ. 'ನೀವು ಹೇಳಿದ್ದೇ ಲೆಕ್ಕ' ಅನ್ನೋ ನಿಯಮ. ಆದ್ರೆ ಅದು ಪಾನಿಪುರಿಯದ್ದಲ್ಲ, ಗಾಲ್ಫಿನದ್ದು.

ಕೆಜಿಎಫ್ ಅಂದ ತಕ್ಷಣ ನಮ್ಮ ವಯಸ್ಸಿನವರ ತಲೆಯಲ್ಲಿ 2018ರ ಸಿನಿಮಾದ ಬಿಜಿಎಂ ಓಡುತ್ತೆ. ನನಗೂ ಓಡುತ್ತೆ, ಸುಳ್ಳು ಹೇಳಲ್ಲ. ಆದ್ರೆ ಅದನ್ನ ಸ್ವಲ್ಪ ಮ್ಯೂಟ್ ಮಾಡಿ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಲಂಡನ್ನಿನ ಸಂಸ್ಥೆ ಇಲ್ಲಿಗೆ ಕಾಲಿಟ್ಟಿತು. 1894ಕ್ಕೆ ಬಂಗಾರಪೇಟೆಯಿಂದ ಗಣಿಗೆ ರೈಲು ಬಂತು. ಆಗ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಲ್ಲಿ. ಹದಿನಾರು ಕಿಲೋಮೀಟರ್ ಆಸುಪಾಸಿನ ಈ ದಾರಿಯಲ್ಲಿ ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಅಂತ ಸ್ಟೇಷನ್ನುಗಳು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂತು. ಬೆಂಗಳೂರಿಗೆ ಕರೆಂಟ್ ಬರೋಕೂ ಮುಂಚೆ.

ಗಣಿ ಜೊತೆಗೆ ಇಂಗ್ಲಿಷರ ಇಡೀ ಬದುಕೂ ಬಂತು. ಬಂಗಲೆ, ಚರ್ಚು, ಆಸ್ಪತ್ರೆ, ಕ್ಲಬ್ಬು, ಕ್ಲಬ್ಬಿಗೆ ಸೇರಿದ ಗಾಲ್ಫ್ ಮೈದಾನ. ಊರಿಗೆ 'ಲಿಟಲ್ ಇಂಗ್ಲೆಂಡ್' ಅಂತ ಅಡ್ಡಹೆಸರೇ ಬಿತ್ತು. ಗಾಲ್ಫ್ ಅಷ್ಟೊತ್ತಿಗೆ ಭಾರತಕ್ಕೆ ಹೊಸದೇನಲ್ಲ. ಕಲ್ಕತ್ತಾದಲ್ಲಿ 1829ರಲ್ಲೇ ಕ್ಲಬ್ ಇತ್ತು, ಬ್ರಿಟನ್ನಿನ ಹೊರಗೆ ಅದೇ ಎಲ್ಲಕ್ಕಿಂತ ಹಳೇದು. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು.

ಈಗ ಆಟದ ವಿಷಯಕ್ಕೆ ಬರೋಣ. ಗಾಲ್ಫ್ ಅಂದ್ರೆ ಶ್ರೀಮಂತರು ವಾಕಿಂಗ್ ಹೋಗೋ ಆಟ ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ಒಂದು ಕ್ಲಬ್ಬು ತನ್ನ ಸದಸ್ಯರಿಗಾಗಿ ತಿಂಗಳು ತಿಂಗಳು ನಡೆಸೋ ಟೂರ್ನಿಯ ನಿಯಮಾವಳಿ ಓದಿದ್ರೆ, ಬಿಕಾಂ ಓದಿದ ನನ್ನಂಥವನಿಗೆ ಆಡಿಟಿಂಗ್ ಪುಸ್ತಕ ನೆನಪಾಗುತ್ತೆ.

ಮೊದಲನೇದು ಹ್ಯಾಂಡಿಕ್ಯಾಪ್. ಇಪ್ಪತ್ತು ವರ್ಷ ಆಡಿರೋ ಮ್ಯಾನೇಜರ್ರೂ, ಹೋದ ವರ್ಷ ಕಲಿತ ಹೊಸ ಎಂಜಿನಿಯರ್ರೂ ಒಂದೇ ಟೂರ್ನಿಯಲ್ಲಿ ಹೇಗೆ ಆಡೋದು? ಒಬ್ಬೊಬ್ಬರ ಹಳೇ ಸ್ಕೋರು ನೋಡಿ ಒಂದು ನಂಬರ್ ಕೊಡ್ತಾರೆ. ಮ್ಯಾನೇಜರ್ ಹ್ಯಾಂಡಿಕ್ಯಾಪ್ 6, ಎಂಜಿನಿಯರ್‌ದು 18 ಅಂತ ಇಟ್ಕೊಳ್ಳಿ. 18 ಕುಳಿ ಮುಗಿಸೋಕೆ ಮ್ಯಾನೇಜರ್ 79 ಹೊಡೆತ ತಗೊಂಡ್ರು, ಎಂಜಿನಿಯರ್ 90. ಗಾಲ್ಫಲ್ಲಿ ಕಡಿಮೆ ಹೊಡೆದವರೇ ಗೆದ್ದಂಗೆ. ಹ್ಯಾಂಡಿಕ್ಯಾಪ್ ಕಳೀರಿ: ಮ್ಯಾನೇಜರ್ 73, ಎಂಜಿನಿಯರ್ 72. ಕಪ್ಪು ಎಂಜಿನಿಯರ್‌ಗೆ. ಈಗ 2020ರಿಂದ ಇಡೀ ಪ್ರಪಂಚಕ್ಕೆ ಒಂದೇ ಪದ್ಧತಿ. ಕೊನೆಯ 20 ಆಟಗಳಲ್ಲಿ ಚೆನ್ನಾಗಿ ಆಡಿದ 8ರ ಸರಾಸರಿ ಹಿಡೀತಾರೆ. ಗರಿಷ್ಠ ಹ್ಯಾಂಡಿಕ್ಯಾಪ್ 54.

ಎಲ್ಲರೂ ಒಂದೇ ಕಡೆಯಿಂದ ಶುರು ಮಾಡಲ್ಲ ಅನ್ನೋದನ್ನ ಒಪ್ಪಿಕೊಂಡು ಅದಕ್ಕೊಂದು ಲೆಕ್ಕ ಇಡೋ ಆಟ ಇದು. ಈ ಮಾತು ನೆನಪಿರಲಿ.

ಎರಡನೇದು ಸ್ಕೋರ್ ಕಾರ್ಡ್. ಕ್ಲಬ್ ಟೂರ್ನಿಯಲ್ಲಿ ಪ್ರತಿ ಗುಂಪಿನ ಹಿಂದೆ ಅಂಪೈರ್ ಇರಲ್ಲ. ಜೊತೆಗೆ ಆಡೋ ಒಬ್ಬರು ನಿಮ್ಮ ಮಾರ್ಕರ್. ನಿಮ್ಮ ಸ್ಕೋರ್ ಅವರು ಬರೀತಾರೆ, ಅವರದ್ದನ್ನ ಸಾಮಾನ್ಯವಾಗಿ ನೀವು. ಕೊನೆಗೆ ಇಬ್ಬರೂ ಸಹಿ ಹಾಕಿ ಕಮಿಟಿಗೆ ಕೊಡಬೇಕು. ಬ್ಯಾಂಕಲ್ಲಿ ಕೆಲಸ ಮಾಡೋರಿಗೆ ಥಟ್ಟಂತ ಹೊಳೆಯುತ್ತೆ, ಇದು ಮೇಕರ್-ಚೆಕರ್ ಪದ್ಧತಿ. ಆದ್ರೆ ಮರದ ಹಿಂದೆ ಹೋದ ಚೆಂಡನ್ನ ನೀವು ಕಾಲಲ್ಲಿ ತಳ್ಳಿದ್ರಾ ಇಲ್ವಾ ಅನ್ನೋದು ಎಷ್ಟೋ ಸಲ ನಿಮಗೊಬ್ಬರಿಗೇ ಗೊತ್ತು. ಆಗ ದಂಡ ನೀವೇ ಹಾಕ್ಕೋಬೇಕು.

ಹಾಕ್ಕೊಂಡವರು ಇದಾರೆ. 1925ರ ಯುಎಸ್ ಓಪನ್ನಲ್ಲಿ ಬಾಬಿ ಜೋನ್ಸ್ ಹೊಡೆಯೋಕೆ ರೆಡಿಯಾದಾಗ ಚೆಂಡು ಕೂದಲೆಳೆಯಷ್ಟು ಅಲುಗಾಡ್ತು. ಬೇರೆ ಯಾರೂ ನೋಡಿಲ್ಲ. ತಾನೇ ಹೇಳಿ ಒಂದು ಹೊಡೆತದ ದಂಡ ತಗೊಂಡ. ಕೊನೆಗೆ ಟೈ ಆಗಿ ಪ್ಲೇಆಫಲ್ಲಿ ಸೋತ.

ಸಹಿಯ ತೂಕ ಎಷ್ಟು ಅನ್ನೋಕೆ 1968ರ ಮಾಸ್ಟರ್ಸ್ ನೋಡಿ. ರಾಬರ್ಟೊ ಡಿ ವಿಸೆಂಜೊ 17ನೇ ಕುಳಿಯಲ್ಲಿ ತಗೊಂಡಿದ್ದು 3 ಹೊಡೆತ. ಮಾರ್ಕರ್ ತಪ್ಪಿ 4 ಅಂತ ಬರೆದ. ಡಿ ವಿಸೆಂಜೊ ನೋಡದೆ ಸಹಿ ಹಾಕಿಬಿಟ್ಟ. ಟೀವಿಯಲ್ಲಿ ಲಕ್ಷಾಂತರ ಜನ 3 ಅಂತ ನೋಡಿದ್ರು. ಆದ್ರೂ ಕಾರ್ಡಲ್ಲಿರೋ 4ನೇ ಉಳೀತು. ಒಂದೇ ಹೊಡೆತದಲ್ಲಿ ಪ್ಲೇಆಫ್ ಕೈತಪ್ಪಿತು. ನಿಯಮ ಏನಂದ್ರೆ, ಇರೋದಕ್ಕಿಂತ ಜಾಸ್ತಿ ಬರೆದು ಸಹಿ ಹಾಕಿದ್ರೆ ಆ ಜಾಸ್ತಿಯೇ ಗಟ್ಟಿ. ಕಡಿಮೆ ಬರೆದು ಸಹಿ ಹಾಕಿದ್ರೆ ಟೂರ್ನಿಯಿಂದಲೇ ಔಟ್.

ಅಂದ್ರೆ ಗಾಲ್ಫ್ ಆಡೋರೆಲ್ಲ ಹರಿಶ್ಚಂದ್ರರಾ? ಖಂಡಿತ ಅಲ್ಲ. ಬೇಕಂತಲೇ ಸಾಧಾರಣ ದಿನಗಳಲ್ಲಿ ಕೆಟ್ಟದಾಗಿ ಆಡಿ, ಹ್ಯಾಂಡಿಕ್ಯಾಪ್ ಜಾಸ್ತಿ ಮಾಡ್ಕೊಂಡು, ಕಪ್ಪಿನ ದಿನ ಚೆನ್ನಾಗಿ ಆಡಿ ಗೆಲ್ಲೋರು ಎಲ್ಲ ಕಾಲದಲ್ಲೂ ಇದ್ರು. ಅದಕ್ಕೇ ಹ್ಯಾಂಡಿಕ್ಯಾಪ್ ಕಮಿಟಿ ಅಂತ ಇರೋದು. ಅನುಮಾನ ಬಂದ್ರೆ ಅವರು ನಂಬರ್ ಇಳಿಸಬಹುದು. ಸ್ಕೋರ್ ಸಮ ಆದ್ರೆ ಏನು ಮಾಡೋದು ಅಂತಾನೂ ಮೊದಲೇ ಬರೆದಿಟ್ಟಿರ್ತಾರೆ. ತುಂಬ ಕಡೆ ಕೊನೆಯ 9 ಕುಳಿ ನೋಡ್ತಾರೆ, ಅದೂ ಸಮ ಆದ್ರೆ ಕೊನೆಯ 6, ಆಮೇಲೆ 3, ಆಮೇಲೆ ಕೊನೇದು ಒಂದು.

ಹಾಗಾಗಿ ಇಲ್ಲಿರೋದು ಕುರುಡು ನಂಬಿಕೆ ಅಲ್ಲ. ಮೊದಲು ನಂಬ್ತೀವಿ, ಅನುಮಾನಕ್ಕೆ ಕಾರಣ ಸಿಕ್ರೆ ವಿಚಾರಿಸ್ತೀವಿ ಅನ್ನೋ ಕ್ರಮ. ಮೋಸ ಆಗುತ್ತೆ ಅಂತ ಗೊತ್ತಿದ್ದೂ ಆಟ ಮುಗಿದ ಮೇಲೆ ಯಾರ ಜೇಬನ್ನೂ ತಡಕಲ್ಲ.

ಈಗ ಅದೇ ಊರಲ್ಲಿ ಮೈದಾನದ ಬೇಲಿ ದಾಟಿ ಗಣಿ ಬಾಯಿಗೆ ಬನ್ನಿ.

20ನೇ ಶತಮಾನದ ಶುರುವಿನಲ್ಲಿ ಇಲ್ಲಿ 20 ಸಾವಿರಕ್ಕೂ ಹೆಚ್ಚು ಜನ ಕೆಲಸ ಮಾಡ್ತಿದ್ರು. ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ದಲಿತ ಕುಟುಂಬಗಳು. ಗಣಿ ಆಳವಾಗ್ತಾ ಆಗ್ತಾ ಮೂರು ಕಿಲೋಮೀಟರ್ ದಾಟಿತು. ಅಷ್ಟು ಕೆಳಗೆ ಕಲ್ಲಿನ ಬಿಸಿಯೇ 60 ಡಿಗ್ರಿ ಮೀರುತ್ತೆ. ಬಂಡೆ ಇದ್ದಕ್ಕಿದ್ದಂತೆ ಸಿಡಿದು ಜನ ಸಾಯ್ತಿದ್ರು. ಅಂಥ ಜಾಗದಿಂದ ಪಾಳಿ ಮುಗಿಸಿ ಮೇಲೆ ಬಂದ ಮನುಷ್ಯನಿಗೆ ಕಾಯ್ತಿದ್ದದ್ದು ಮೈ ತಪಾಸಣೆ. ಚಿನ್ನ ಏನಾದ್ರೂ ಕದ್ದಿದೀಯಾ ಅಂತ.

ಮೈಸೂರು ಸಂಸ್ಥಾನ 1897ರಲ್ಲಿ ಗಣಿ ಕಾನೂನು ಮಾಡ್ತು. ಚಿನ್ನದ ಅದಿರು ನಿಮ್ಮ ಹತ್ತಿರ ಸಿಕ್ಕಿ, ಎಲ್ಲಿಂದ ಬಂತು ಅಂತ ನೀವು ಸರಿಯಾದ ಲೆಕ್ಕ ಕೊಡಲಿಲ್ಲ ಅಂದ್ರೆ ಅಪರಾಧ. ಅಂದ್ರೆ ಕಳ್ಳ ಅಂತ ಅವರು ಸಾಬೀತು ಮಾಡಬೇಕಿಲ್ಲ, ಕಳ್ಳ ಅಲ್ಲ ಅಂತ ನೀವು ತೋರಿಸಬೇಕು. 1930ರಲ್ಲಿ ಕಂಪನಿಗಳು ಇನ್ನೊಂದು ಹೆಜ್ಜೆ ಇಟ್ಟವು. ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಬೇಕು ಅಂದವು. ಜನ ಕೆಲಸ ಬಿಟ್ಟು ಹೊರಗೆ ಬಂದ್ರು. ಕೆಜಿಎಫ್ ಇತಿಹಾಸದ ದೊಡ್ಡ ಮುಷ್ಕರಗಳಲ್ಲಿ ಅದೂ ಒಂದು. ಸಂಬಳಕ್ಕಿಂತ ಮೊದಲು ಅದು ಹೆಬ್ಬೆಟ್ಟಿನ ಜಗಳ, ನಮ್ಮನ್ನ ಅಪರಾಧಿಗಳ ಥರ ಯಾಕೆ ನೋಡ್ತೀರಾ ಅನ್ನೋ ಜಗಳ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಚಿನ್ನ ಕಳುವಾಗ್ತಿದ್ದದ್ದು ನಿಜ. ಸಣ್ಣ ತುಂಡಿಗೂ ಬೆಲೆ ಇರೋ ಜಾಗದಲ್ಲಿ ಕಂಪನಿ ಎಚ್ಚರಿಕೆ ವಹಿಸೋದು ಸಹಜ. ನನ್ನ ಪ್ರಶ್ನೆ ಅದಲ್ಲ. ಗಾಲ್ಫಲ್ಲೂ ಮೋಸ ಆಗುತ್ತೆ ಅಂತ ಆ ಜನಕ್ಕೇ ಗೊತ್ತಿತ್ತು. ಆದ್ರೂ ಅಲ್ಲಿ ಮೊದಲು ನಂಬಿಕೆ, ಆಮೇಲೆ ವಿಚಾರಣೆ. ಇಲ್ಲಿ ಮೊದಲು ತಪಾಸಣೆ, ನಂಬಿಕೆ ಯಾವತ್ತೂ ಇಲ್ಲ. ಊರು ಒಂದೇ, ಯಜಮಾನಿಕೆ ಒಂದೇ. ಬೆಳಿಗ್ಗೆ ಸಾವಿರಾರು ಜನರ ಮಾತಿಗೆ ಬೆಲೆ ಇಲ್ಲ ಅಂತ ನಿಯಮ ಮಾಡಿದ ವ್ಯವಸ್ಥೆಯ ಮೇಲಿನವರು ಸಂಜೆ ಸಿಗ್ನೇಚರ್ ಒಂದರ ಮೇಲೆ ಕಪ್ಪು ಹಂಚ್ಕೊಳ್ತಿದ್ರು.

ಇವೆರಡರ ನಡುವೆ ಇನ್ನೊಬ್ಬ ಇದ್ದ. ಕ್ಯಾಡಿ. ಬ್ಯಾಗ್ ಹೊತ್ತು, ಚೆಂಡು ಹುಡುಕಿ, ಗಾಳಿ ಯಾವ ಕಡೆ ಅಂತ ಹೇಳೋ ಹುಡುಗ. ಮರದ ಹಿಂದೆ ಏನಾಯ್ತು ಅಂತ ಸರಿಯಾಗಿ ಗೊತ್ತಿರೋನು ಅವನೇ. ನಿಯಮದ ಪ್ರಕಾರ ಕ್ಯಾಡಿ ತಪ್ಪು ಮಾಡಿದ್ರೆ ದಂಡ ಆಟಗಾರನಿಗೆ. ಆಟಗಾರ ತಪ್ಪು ಮಾಡಿದ್ದನ್ನ ಕ್ಯಾಡಿ ನೋಡಿದ್ರೆ? ತನ್ನ ಕೂಲಿ ಕೊಡೋರ ವಿರುದ್ಧ ಅವನು ಬಾಯಿ ಬಿಡ್ತಾನಾ? ಕಾರ್ಡಲ್ಲಿ ಅವನ ಸಹಿಗೆ ಜಾಗವೂ ಇಲ್ಲ.

ಆ ಜಾಗ ದಾಟಿ ಬಂದವರೂ ಇದಾರೆ. ದೆಹಲಿಯ ಅಲಿ ಶೇರ್ ಕ್ಯಾಡಿ ಮನೆಯ ಹುಡುಗ, 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ. ನಮ್ಮ ಬಿಡದಿ ಹತ್ತಿರದ ರಂಗಸಂದ್ರದ ಚಿಕ್ಕರಂಗಪ್ಪ ಊರ ಪಕ್ಕದ ಗಾಲ್ಫ್ ಮೈದಾನದಲ್ಲಿ ಚೆಂಡು ಹೆಕ್ಕೋದ್ರಿಂದ ಶುರು ಮಾಡಿ 2010ರಲ್ಲಿ ಅಖಿಲ ಭಾರತ ಅಮೆಚೂರ್ ಚಾಂಪಿಯನ್ ಆದ್ರು. ಪ್ರತಿಭೆ ಬೇಲಿಯ ಎರಡೂ ಕಡೆ ಇತ್ತು ಅನ್ನೋಕೆ ಇಷ್ಟು ಸಾಕು.

ಕೆಜಿಎಫ್ ಕಥೆ ಮುಂದೇನಾಯ್ತು? 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನ ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯ್ತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಮುಚ್ಚಿತು. ಸುಮಾರು 120 ವರ್ಷದಲ್ಲಿ 800 ಟನ್ ಚಿನ್ನ ಹೊರಗೆ ಬಂದಿತ್ತು. ಉಳಿದಿದ್ದು ಸೈನೈಡ್ ಗುಡ್ಡ ಮತ್ತು ಬೆಳಗಿನ ಟ್ರೈನು. ಇವತ್ತೂ ಕತ್ತಲಿರುವಾಗಲೇ ಮಾರಿಕುಪ್ಪಂನಿಂದ ಹೊರಟು ಸಾವಿರಾರು ಜನ ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ. ಕಾಂಟ್ರಾಕ್ಟ್ ಕೆಲಸ, ಹೌಸ್‌ಕೀಪಿಂಗ್, ಸೆಕ್ಯುರಿಟಿ, ಗೋಡೌನ್. ಹೋದ ತಕ್ಷಣ ಮೊದಲು ಮಾಡೋದೇನು? ಬಯೋಮೆಟ್ರಿಕ್‌ಗೆ ಹೆಬ್ಬೆಟ್ಟು ಒತ್ತೋದು. ಹೊರಗೆ ಬರುವಾಗ ಬ್ಯಾಗ್ ಚೆಕ್. ಅದೇ ಬಿಲ್ಡಿಂಗಿನ ಮೇಲಿನ ಮಹಡಿಯವರು ವರ್ಕ್ ಫ್ರಂ ಹೋಮ್ ಮಾಡಿ, ಎಷ್ಟು ಗಂಟೆ ಕೆಲಸ ಮಾಡಿದ್ವಿ ಅಂತ ಟೈಮ್‌ಶೀಟಲ್ಲಿ ತಾವೇ ತುಂಬ್ತಾರೆ.

ಟೈಮ್‌ಶೀಟ್ ನಾನೂ ತುಂಬಿದೀನಿ. ಶುಕ್ರವಾರ ಸಂಜೆ ಕೂತು ಇಡೀ ವಾರದ್ದನ್ನ ಅಂದಾಜಲ್ಲಿ ತುಂಬಿದೀನಿ. ಯಾರೂ ನನ್ನ ಬ್ಯಾಗ್ ತೆಗೆದು ನೋಡಿಲ್ಲ. ನಾನು ಪ್ರಾಮಾಣಿಕ ಅಂತ ಅಲ್ಲ. ನನ್ನ ಕುರ್ಚಿಗೆ ಆ ನಿಯಮ ಇತ್ತು, ಅಷ್ಟೇ.

ಗಾಲ್ಫ್ ನಿಯಮದಿಂದ ನಾನು ಕಲಿತಿದ್ದು ಇದು. ನಂಬಿಕೆ ಯಾರ ಗುಣವೂ ಅಲ್ಲ, ಅದು ಒಬ್ಬರು ಇನ್ನೊಬ್ಬರಿಗೆ ಕೊಡೋ ಸೌಲಭ್ಯ. ಕೆಜಿಎಫ್‌ನಲ್ಲಿ ಅದನ್ನ ಹೇಗೆ ಕೊಡಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಹ್ಯಾಂಡಿಕ್ಯಾಪ್ ಹಾಕಿ ಸಮ ಮಾಡೋದೂ ಗೊತ್ತಿತ್ತು. ಎರಡೂ ಮೈದಾನದ ಬೇಲಿ ದಾಟಲಿಲ್ಲ.

ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಮತ್ತೆ ಅದೇ ಗಾಡಿ ಹತ್ತಿರ ನಿಂತೆ. ತಿಂದಿದ್ದು ಎರಡು ಪ್ಲೇಟು, ಜೊತೆಗೊಂದು ಮಸಾಲಪುರಿ. ಕೇಳಿದ್ರು, ಹೇಳಿದೆ, ದುಡ್ಡು ಕೊಟ್ಟೆ. ಆ ಅಣ್ಣನಿಗೂ ದಿನಕ್ಕೆ ನಾಲ್ಕು ಜನ ಸುಳ್ಳು ಹೇಳ್ತಿರಬಹುದು. ಆದ್ರೂ ನಾಳೆ ಬರೋರನ್ನೂ ಅವರು ಅದನ್ನೇ ಕೇಳ್ತಾರೆ, ಎಷ್ಟು ಪ್ಲೇಟ್ ಆಯ್ತು ಅಂತ.

ನಿಮ್ಮ ಕೆಲಸದ ಜಾಗದಲ್ಲಿ ಯಾರ ಮಾತು ನಡೆಯುತ್ತೆ, ಯಾರ ಬ್ಯಾಗ್ ತೆಗೆಸ್ತಾರೆ? ವಾಯ್ಸ್ ನೋಟ್ ಮಾಡಿ ಕಳಿಸಿ, ಹೆಸರು ಹೇಳೋದು ಬೇಡ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.